ಪೆಟಿ ಮನೆತನದ ಪೆಟ್ಟಿಗೆ

ವಂಶಾವಳಿ ಹುಡುಕುವುದು ಅಂಥ ಕಷ್ಟದ ಕೆಲಸವೇನಲ್ಲ. ತಲೆಯಿದ್ದರೆ ಸಾಕು. ನನಗೆ ಇದೆ ಎಂದು ನಾನು ನಂಬಿದ್ದೆ.

ಮಲೇಷ್ಯಾಕ್ಕೆ ಬಂದು ಆರು ತಿಂಗಳಾಗಿತ್ತಷ್ಟೆ. ಪೆಟಾಲಿಂಗ್ ಜಯಾದ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಬೀಗದ ಮೇಲೆ ‘ಯು.ಎಸ್.ಎ.’ ಎಂಬ ಅಚ್ಚು. “ಅಮೆರಿಕನ್ ಲಾ! ಹಂಡ್ರೆಡ್ ಇಯರ್ಸ್!” ಎಂದ ಅಂಗಡಿಯವ. ಇಲ್ಲಿಯವರ ಮಾತಿಗೆಲ್ಲ ‘ಲಾ’ ಎಂಬುದೊಂದು ಬಾಲ. ಪುಚೊಂಗಿನ ಮನೆಗೆ ತಂದು ಹಾಲ್‌ನ ನಟ್ಟನಡುವೆ ಪ್ರತಿಷ್ಠಾಪಿಸಿದೆ.

ಹೆಂಡತಿ ವಸುಧಾ ಉಡುಪಿಯವಳು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ದಿನವೂ ಹೆಣ ಕೊಯ್ಯುವುದನ್ನು ಕಲಿಸುವವಳಿಗೆ ಸತ್ತವರ ಪೆಟ್ಟಿಗೆ ಮಾತ್ರ ಮನೆಯಲ್ಲಿರಕೂಡದು!

“ಯಾರ ಮನೇದು ಮಾರಾಯ್ರೆ ಇದು? ಯಾರೆಲ್ಲ ಇಟ್ಕೊಂಡಿದ್ರು ಅಂತ ಗೊತ್ತಿಲ್ದೆ ಹಾಲಲ್ಲಿ ಇಡೋದು ಬೇಡ. ಭಾನುವಾರ ನಮ್ಮ ಡಿಪಾರ್ಟ್‌ಮೆಂಟಿನವ್ರು ಊಟಕ್ಕೆ ಬರ್ತಾರೆ. ಅಷ್ಟರೊಳಗೆ ಹೇಳಿ. ಇಲ್ಲಾಂದ್ರೆ ಇದು ಹೊರಗೆ!”

ಸವಾಲನ್ನು ಸ್ವೀಕರಿಸಲಾಯಿತು. ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ತಲೆ ತೂರಿಸಿದೆ. ಮುಚ್ಚಳ ಕತ್ತಿನ ಮೇಲೆ ಬಿತ್ತು. ಸಂಶೋಧನೆಯಲ್ಲಿ ಇವೆಲ್ಲ ಇದ್ದದ್ದೇ. ಮುಚ್ಚಳದ ಒಳಮೈಯಲ್ಲಿ, ಮಾಸಿದ ಶಾಯಿಯಲ್ಲಿ, ಒಂದರ ಕೆಳಗೊಂದು ಇಂಗ್ಲಿಷ್ ಅಕ್ಷರಗಳು: ಪೆಟಿ. ಬಿಲಿಕ್. ಅತಾಸ್.

ಮೂರು ಹೆಸರು, ಮೂರು ತಲೆಮಾರು! ಪೆಟಿ ಎಂಬ ಅಮೆರಿಕನ್ ಅಜ್ಜ ಪೆಟ್ಟಿಗೆಯೊಂದಿಗೆ ಹಡಗಿನಲ್ಲಿ ಬಂದ. ಮಗಳನ್ನು ಬಿಲಿಕ್‌ಗೆ ಕೊಟ್ಟ. ಪೆಟ್ಟಿಗೆ ಬಳುವಳಿಯಾಗಿ ಹೋಯಿತು. ಬಿಲಿಕ್‌ನ ಮಗಳನ್ನು ಅತಾಸ್ ಮದುವೆಯಾದ. ಅತಾಸ್ ಗ್ರೀಕನಿರಬೇಕೆಂದು ನಾನೇ ತೀರ್ಮಾನಿಸಿದೆ.

ಮರುದಿನ ಕತ್ತುನೋವಿಗೆ ಕ್ಲಿನಿಕ್ಕಿಗೆ ಹೋದರೆ ಏನಾಶ್ಚರ್ಯ! ಒಂದು ಬಾಗಿಲ ಮೇಲೆ ‘ಬಿಲಿಕ್ 1’, ಪಕ್ಕದ್ದರ ಮೇಲೆ ‘ಬಿಲಿಕ್ 2’. ಮನೆತನ ಇನ್ನೂ ಇದೆ! ಅಣ್ಣತಮ್ಮ ಇಬ್ಬರೂ ಡಾಕ್ಟರು!

“ಐ ವಾಂಟ್ ಬಿಲಿಕ್,” ಎಂದೆ.

“ಬಿಲಿಕ್ ಆಯರ್?” ಎಂದಳು ಕೌಂಟರಿನಾಕೆ.

ಹಿರಿಯವನ ಪೂರ್ತಿ ಹೆಸರಿರಬೇಕೆಂದು ಭಕ್ತಿಯಿಂದ ತಲೆಯಾಡಿಸಿದೆ. ಅವಳು ತೋರಿಸಿದ ಬಾಗಿಲು ತೆರೆದೆ. ಕಕ್ಕಸು! ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಡಾಕ್ಟರು ಸಿಗಲಿಲ್ಲವೆಂದುಕೊಂಡು ಮನೆಗೆ ಬಂದೆ.

ಭಾನುವಾರ ವಂಶವೃಕ್ಷಕ್ಕೆ ಫ್ರೇಮ್ ಹಾಕಿಸಿ ಪೆಟ್ಟಿಗೆಯ ಮೇಲಿಟ್ಟೆ. ವಸುಧಾಳ ಸಹೋದ್ಯೋಗಿಗಳು ನಾಲ್ವರು, ಎಲ್ಲರೂ ಇಲ್ಲಿಯೇ ಹುಟ್ಟಿ ಬೆಳೆದವರು. ಜೊತೆಗೆ ಪಕ್ಕದ ಮನೆಯ ಲೆಚುಮಿ ಆಂಟಿ. ಊಟಕ್ಕೆ ಮೊದಲು ಭಾಷಣ ಮಾಡಿದೆ. ಪೆಟಿಯ ಸಾಗರಯಾನ ಹೇಳುವಾಗ ನಾನೇ ಕಣ್ಣೊರೆಸಿಕೊಂಡೆ. ಡಾಕ್ಟರ್ ಬಿಲಿಕ್ ಆಯರ್ ಅವರ ಹೆಸರೆತ್ತಿದಾಗ ಅತಿಥಿಗಳ ಕಣ್ಣಲ್ಲೂ ನೀರು! ಕತೆ ಅಷ್ಟು ಮನಸ್ಸಿಗೆ ತಟ್ಟಿದೆ ಎಂದು ನನಗೆ ಹಿಗ್ಗೋ ಹಿಗ್ಗು.

ಲೆಚುಮಿ ಆಂಟಿ ಎದ್ದು ಬಂದು ಮುಚ್ಚಳ ಎತ್ತಿ ನೋಡಿದರು.

“ಅಯ್ಯೋ ತಂಬಿ, ನಾಟ್ ನೇಮ್ ಲಾ! ಮಲಯ್! ಪೆಟಿ, ಬಾಕ್ಸ್. ಬಿಲಿಕ್, ರೂಮ್. ಅತಾಸ್, ಅಪ್‌ಸ್ಟೇರ್ಸ್!”

ಮಹಡಿ ಕೋಣೆಯ ಪೆಟ್ಟಿಗೆ! ಮನೆ ಬದಲಾಯಿಸುವಾಗ ಯಾರೋ ಬರೆದಿಟ್ಟ ಗುರುತು. ವಾರಕ್ಕೊಮ್ಮೆ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುವ ಮಹಾನುಭಾವ ನಾನು. ‘ಪೆಟಿ’ ಎಂದು ಓದಿದಾಗ ‘ಪೆಟ್ಟಿಗೆ’ ನೆನಪಾಗಲಿಲ್ಲ, ಹಡಗಿನಲ್ಲಿ ಬಂದ ಅಜ್ಜ ನೆನಪಾದ! ನಾಚಿಕೆಯಿಂದ ಆ ಪೆಟ್ಟಿಗೆಯೊಳಗೇ ಇಳಿದು ಮುಚ್ಚಳ ಹಾಕಿಕೊಳ್ಳೋಣ ಎನಿಸಿತು.

ಅತಿಥಿಗಳು ಇನ್ನು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಸುಧಾ ಮಾತ್ರ ಗಂಭೀರ.

“ಯಾರದ್ದು ಅಂತ ಗೊತ್ತಾಗದಿದ್ರೆ ಹೋಗ್ಲಿ ಮಾರಾಯ್ರೆ. ಎಲ್ಲಿ ಇಡ್ಬೇಕು ಅಂತ ಅದ್ರಲ್ಲೇ ಬರ್ದಿದೆಯಲ್ಲ. ತಗೊಂಡು ಹೋಗಿ ಮೇಲೆ!”

ಊಟವಾದ ಮೇಲೆ ನಾಲ್ವರು ಡಾಕ್ಟರುಗಳು ಏದುಸಿರು ಬಿಡುತ್ತ ಪೆಟ್ಟಿಗೆ ಹೊತ್ತರು. ನಾನು ಹಿಂದಿನಿಂದ ಮಾರ್ಗದರ್ಶನ ಮಾಡಿದೆ. ಹೊರಗೆ ಹೋಗಬೇಕಿದ್ದದ್ದು ಮಹಡಿಯಲ್ಲಾದರೂ ಉಳಿಯಿತಲ್ಲ! ಈಗಿನ ಒಡೆಯನ ಹೆಸರಾದರೂ ದಾಖಲಾಗಲಿ ಎಂದು ಮಾರ್ಕರ್ ತಂದೆ.

“ಕೊಡಿ, ನಾನೇ ಬರೀತೇನೆ,” ಎಂದಳು ವಸುಧಾ.

ಆ ಮೂರರ ಕೆಳಗೆ, ಅದೇ ಇಂಗ್ಲಿಷ್ ಅಕ್ಷರಗಳಲ್ಲಿ, ದುಂಡಗೆ ಬರೆದಳು: ಪೆದ್ದು.

ಮುಂದೆ ಯಾರಾದರೂ ಅದನ್ನು ಓದಿ, ಈ ಪೆಟ್ಟಿಗೆಯ ಒಡೆಯ ಪೆದ್ದು ಎಂದು ಬರೆದುಕೊಂಡಾರು. ಅವರ ಸಂಶೋಧನೆ ನೂರಕ್ಕೆ ನೂರು ಸರಿಯಾಗಿರುತ್ತದೆ!