ಬಿಸಿಲಲ್ಲಿ ಬೆಂಕಿ ಹಚ್ಚಿದ ಪಾಡು

ವಿಜ್ಞಾನದ ಮೇಷ್ಟ್ರ ಜೇಬಲ್ಲಿ ಭೂತಗನ್ನಡಿ, ತಲೆ ಮೇಲೆ ನಮ್ಮ ಸೀಮೆಯ ಬಿಸಿಲು. ಇವೆರಡೂ ಇದ್ದಮೇಲೆ ಏನಾದರೊಂದು ಆಗದೆ ಇರುತ್ತದೆಯೇ? ನನಗೆ ವರ್ಗವಾದ ಊರಲ್ಲೆಲ್ಲ ಆಗಿದೆ.

ಚನ್ನಗಿರಿಯ ನೆರಳು

ಭೂತಗನ್ನಡಿಯಿಂದ ಕಾಗದ ಸುಡುವ ಪಾಠ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಸುಡೋದನ್ನು ಹತ್ತಿರದಿಂದ ನೋಡಬೇಕೆಂದು ಇಡೀ ತರಗತಿ ನನ್ನ ಮೇಲೇ ಬಗ್ಗಿತು. ಅಷ್ಟು ತಲೆಗಳ ನೆರಳಿಗೆ ಬಿಸಿಲು ಕೆಳಗಿಳಿಯಲೇ ಇಲ್ಲ. ‘ಸರಿದು ನಿಲ್ರೋ’ ಅಂದರೆ ಹಿಂದಿದ್ದವರು ಮುಂದೆ ಬರುತ್ತಿದ್ದರು. ಕೊನೆಗೆ ಒಬ್ಬ ಹುಡುಗಿಗೆ ನನ್ನ ಮೇಲೆ ಕನಿಕರ ಬಂತು.

‘ಸಾರ್, ನಾವೆಲ್ಲ ಒಳಗೆ ಹೋಗಿ ಕೂತ್ಕೋತೀವಿ. ನೀವು ಹಚ್ಚಿ, ಆಮೇಲೆ ಕರೀರಿ’ ಅಂದಳು.

ನ್ಯಾಮತಿಯ ಶಾಲು

ಸ್ಟಾಫ್ ರೂಮಿನ ಕಿಟಕಿ ಸರಳಿಗೆ ಭೂತಗನ್ನಡಿ ಒರಗಿಸಿಟ್ಟು ಮರೆತೆ. ಕೆಳಗೆ ಕುರ್ಚಿಯ ಮೇಲೆ, ಸಂಜೆಯ ಅತಿಥಿಗೆ ಹೊದಿಸಬೇಕಿದ್ದ ಶಾಲು. ಸುಟ್ಟ ವಾಸನೆಗೆ ಓಡಿ ಬಂದರೆ ಶಾಲಿನ ನಡುಮಧ್ಯೆ ತೂತು. ಹೊನ್ನಾಳಿಗೆ ಹೋಗಿ ಬೇರೆ ತರ್ತೀನಿ ಅಂತ ಬೈಕಿನ ಕೀಲಿ ತೆಗೆದೆ. ನಮ್ಮ ಹೆಡ್ಮಾಸ್ಟರು ಪುಣ್ಯಾತ್ಮರು, ಒಂದು ಮಾತೂ ಬೈಯಲಿಲ್ಲ.

‘ಬಿಡ್ರಿ, ತೂತು ಬೆನ್ನಿಗೆ ಬರಂಗೆ ಹೊದಿಸಿದ್ರಾತು. ಫೋಟೊದಾಗೆ ಮುಂದಿಂದಷ್ಟೇ ಕಾಣೋದು’ ಅಂದರು.

ಸೊಕ್ಕೆ ಕಡೆಯ ಒಲೆ

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ ಒಂದು ಶಾಲೆ, ಹೊಲಗಳ ನಡುವೆ. ಬಿಸಿಯೂಟದ ಅಡುಗೆಯಮ್ಮನ ಗ್ಯಾಸ್ ಲೈಟರ್ ಕೆಟ್ಟಿತ್ತು, ಕಡ್ಡಿಪೆಟ್ಟಿಗೆ ಖಾಲಿ, ಊರವರೆಲ್ಲ ಮದುವೆಗೆ ಹೋಗಿದ್ದರು. ‘ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗ್ರು ಅದಾವ್ರೀ ಸಾರ್’ ಅನ್ನುವಾಗ ಆಕೆಯ ಕಣ್ಣಲ್ಲಿ ನೀರು.

ಹೊರಗೆ ಬಂದು ಒಣ ತೆಂಗಿನ ನಾರಿನ ಮೇಲೆ ಭೂತಗನ್ನಡಿ ಹಿಡಿದೆ. ಹೊಗೆ ಬಂತು, ಊದಿದೆ, ಹತ್ತಿತು. ಅದರಿಂದಲೇ ಒಲೆ ಹಚ್ಚಿದೆವು, ಮಕ್ಕಳು ಹೊಟ್ಟೆ ತುಂಬ ಉಂಡರು. ನನ್ನ ಪಾಠದಿಂದ ಯಾರದಾದರೂ ಹೊಟ್ಟೆ ತುಂಬಿದ್ದು ಅದೇ ಮೊದಲು. ಆ ಬಿಸಿಲಿಗೆ ಮನಸಾರೆ ಕೈ ಮುಗಿದೆ. ನಾಳೆಗೂ ಬೇಕಾದೀತು ಅಂತ ಭೂತಗನ್ನಡಿಯನ್ನು ಅಡುಗೆಮನೆಯಲ್ಲೇ ಬಿಟ್ಟೆ.

ಮರುದಿನ ಹೋದರೆ ಒಲೆ ಇನ್ನೂ ಹತ್ತಿಲ್ಲ. ಭೂತಗನ್ನಡಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ದಾಸವಾಳ.

‘ನಿನ್ನೆ ನಮ್ಮ ಮಕ್ಕಳಿಗೆ ಉಣ್ಣಾಕೆ ಕೊಟ್ಟ ದೇವ್ರು, ಸಾರ್’ ಅಂದರು ಅಡುಗೆಯಮ್ಮ.

‘ಹಿಂಗೆ ಬಳಿದ್ರೆ ಬಿಸಿಲು ಹೆಂಗೆ ಹಾಯ್ತದೆ ತಾಯಿ? ಒರೆಸಿಕೊಡ್ರಿ, ಊಟಕ್ಕೆ ಹೊತ್ತಾಗ್ತೈತೆ.’

‘ಪೂಜೆ ಮಾಡಿದ್ದನ್ನ ಒರೆಸ್ತಾರೇನ್ರೀ?’

‘ಮತ್ತೆ ಮಕ್ಕಳು ಇವತ್ತು ಉಪವಾಸ ಇರಬೇಕೇನು?’

ಆಕೆ ಸೊಂಟದಿಂದ ಹೊಸ ಕಡ್ಡಿಪೆಟ್ಟಿಗೆ ತೆಗೆದು, ಕಡ್ಡಿ ಗೀರಿ, ಭೂತಗನ್ನಡಿಯ ಮುಂದೆ ಊದುಬತ್ತಿ ಹಚ್ಚಿದರು.

‘ಒಲೆ ಆಮೇಲೆ ಹಚ್ತೀನಿ, ತಡೀರಿ ಸಾರ್. ಬೆಂಕಿ ಕೊಟ್ಟ ದೇವ್ರಿಗೆ ಊದುಬತ್ತಿ ಹಚ್ಚಾಕೆ ಅಂತ್ಲೇ ಜಗಳೂರಿಂದ ಕಡ್ಡಿಪೆಟ್ಟಿಗೆ ತರಿಸೀನಿ.’