ಹೊಂಗೆಕೊಪ್ಪಲಿನ ಐದು ಕಂಬ

ಬೆಳಿಗ್ಗೆ ಒಂಬತ್ತಕ್ಕೆ ಲೈನ್‌ಮನ್ ಚಲುವಯ್ಯನ ಮೊಬೈಲಿಗೆ ಬಂದ ಸಂದೇಶ ಚಿಕ್ಕದೇ. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಗಾಳಿ ಸಂಜೆಯೊಳಗೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಗೂ ಬೀಸಲಿದೆ. ಮುನ್ನೆಚ್ಚರಿಕೆ ತಪಾಸಣೆಗೆ ಎಂಜಿನಿಯರ್ ಯತೀಶ್ ಸಾಹೇಬರು ಮೂರು ಗಂಟೆಗೆ ಬರುತ್ತಾರೆ. ಹೊಂಗೆಕೊಪ್ಪಲಿಗೆ ಕೊಟ್ಟಿರುವ ಐದು ಬಿಡಿ ಕಂಬಗಳನ್ನು ಕರೆಂಟಾಫೀಸಿನ ಮುಂದೆ ಸಾಲಾಗಿ ತೋರಿಸಬೇಕು. ಒಂದು ಕಡಿಮೆಯಾದರೂ ಅಂತರಸಂತೆಗೆ ವರ್ಗ.

ಕೊನೆಯ ಸಾಲನ್ನು ಚಲುವಯ್ಯ ಎರಡೆರಡು ಸಲ ಓದಿದ. ಎರಡು ವರ್ಷದ ಹಿಂದೆ ಅವನನ್ನು ಒಂದೇ ಒಂದು ದಿನ ಅಂತರಸಂತೆಗೆ ತುರ್ತು ಕೆಲಸಕ್ಕೆ ಕಳಿಸಿದ್ದರು. ಕಂಬದ ತುದಿಯಲ್ಲಿ ಕೂತು ತಂತಿ ಬಿಗಿಯುತ್ತಿದ್ದಾಗ ಕಾಡಿನಿಂದ ಬಂದ ಆನೆಯೊಂದು ಬೆನ್ನು ಉಜ್ಜಿಕೊಳ್ಳಲು ಅದೇ ಕಂಬವನ್ನು ಆರಿಸಿಕೊಂಡಿತು. ಅದರ ತುರಿಕೆ ತೀರಲು ನಾಲ್ಕು ತಾಸು ಹಿಡಿಯಿತು. ಅಂದಿನಿಂದ ಚಲುವಯ್ಯ ದೇವಸ್ಥಾನದಲ್ಲಿ ಗಣಪತಿಗೂ ದೂರದಿಂದಲೇ ಕೈಮುಗಿಯುತ್ತಾನೆ.

ಕಂಬಗಳೇನೋ ಇದ್ದವು. ಊರಲ್ಲೇ ಇದ್ದವು. ಆಫೀಸಿನಲ್ಲಿ ಮಾತ್ರ ಇರಲಿಲ್ಲ. ಸುಮ್ಮನೆ ಬಿದ್ದಿರುವ ಸಿಮೆಂಟ್ ಕಂಬ ಕಂಡರೆ ನಮ್ಮ ಕಡೆಯ ಜನಕ್ಕೆ ತಡೆಯುವುದಿಲ್ಲ. ಅದೂ ಚಲುವಯ್ಯ ಇಲ್ಲ ಅನ್ನಲು ಬಾರದ ಮನುಷ್ಯ. "ಬೇಕಾದಾಗ ತಂದ್ಕೊಡ್ತೀವಿ ಕಣಣ್ಣ" ಅಂದವರಿಗೆಲ್ಲ ಕೊಡುತ್ತಾ ಹೋಗಿ ಆಫೀಸನ್ನು ಖಾಲಿ ಮಾಡಿಕೊಂಡಿದ್ದ.

ಕೂಡಲೇ ಓಡಿದ್ದು ಬಾಲ್ಯದ ಗೆಳೆಯ ಕಂಠಪ್ಪನ ಹತ್ತಿರ. ಟ್ರಾಕ್ಟರ್ ಇದ್ದದ್ದು ಅವನಲ್ಲೇ, ಎರಡು ಕಂಬ ಇದ್ದದ್ದೂ ಅವನಲ್ಲೇ. ಅವನ ಹೊಗೆಸೊಪ್ಪಿನ ಹೊಲ ಕಾಲುವೆಯ ಆಚೆ, ಸೊಪ್ಪು ಬೇಯಿಸುವ ಬ್ಯಾರನ್ ಈಚೆ. ಎರಡು ಕಂಬ ಜೋಡಿಸಿ ಕಾಲುವೆಗೆ ಸೇತುವೆ ಮಾಡಿಕೊಂಡಿದ್ದ.

"ಕಂಬ ಕಿತ್ತರೆ ಮುರ್ದಿರೋ ಸೊಪ್ಪು ಆಚೇಲೇ ಉಳ್ಕತದೆ ಕಣ್ಲಾ. ಮಳೆಗೆ ಸಿಕ್ಕುದ್ರೆ ಕೊಳ್ತೋಯ್ತದೆ," ಎಂದ ಕಂಠಪ್ಪ. "ಮೊದ್ಲು ಸೊಪ್ಪು ಈಚೆಗೆ ಬರ್ಲಿ. ಆಮೇಲೆ ಕಂಬಾನೂ ನಿಂದೇ, ಟ್ರಾಕ್ಟ್ರೂ ನಿಂದೇ, ಆರಾಳೂ ನಿಂದೇ."

"ಎಷ್ಟು ಹೊರೆ ಅದೆ?"

"ನೀನೂ ಹೊತ್ರೆ ಕಮ್ಮಿ ಆಯ್ತದೆ."

ಚಲುವಯ್ಯ ಹೊತ್ತ. ಹನ್ನೆರಡರವರೆಗೂ ಹೊತ್ತ. ಹಸಿ ಸೊಪ್ಪಿನ ಅಂಟು ಅಂಗೈಗೆ ಕರಿ ಟಾರಿನಂತೆ ಮೆತ್ತಿಕೊಂಡಿತು. ಮೂಡಣದಲ್ಲಿ ಮೋಡ ಕಪ್ಪಾಗುತ್ತಿತ್ತು, ತೆಂಗಿನ ಗರಿಗಳು ಒಂದೇ ಕಡೆಗೆ ವಾಲತೊಡಗಿದ್ದವು. ಕೊನೆಗೂ ಎರಡು ಕಂಬ ಟ್ರೇಲರ್ ಏರಿದವು.

ಮೂರನೆಯದು ನಂಜಣ್ಣನ ಟೀ ಅಂಗಡಿಯ ಮುಂದೆ ಬೆಂಚಾಗಿತ್ತು. ಏಳು ಜನ ಅದರ ಮೇಲೆ ಕೂತು ಚಂಡಮಾರುತ ಬರುತ್ತದೋ ಇಲ್ಲವೋ ಎಂದು ತೀರ್ಮಾನ ಮಾಡುತ್ತಿದ್ದರು.

"ಏಳ್ರಪ್ಪಾ, ಕಂಬ ಬೇಕು."

"ಟೀ ಅರ್ಧ ಅದೆ ಕಣ್ರೀ," ಎಂದ ಒಬ್ಬ.

"ಎದ್ದವ್ರು ಮತ್ತೆ ಎಲ್ಲಿ ಕೂರ್ಬೇಕು? ಗಿರಾಕಿನೆಲ್ಲಾ ನಿಮ್ಮಾಫೀಸ್ಗೇ ಕರ್ಕಂಡೋಗಿ," ಎಂದ ನಂಜಣ್ಣ.

ಏಳೂ ಜನರ ಎರಡನೇ ಟೀ ಚಲುವಯ್ಯನ ಲೆಕ್ಕದಲ್ಲಿ ಆದ ಮೇಲೆಯೇ ಬೆಂಚು ಎದ್ದದ್ದು. ಆಗಲೇ ಒಂದೂಕಾಲು.

ನಾಲ್ಕನೆಯದು ಕೆರೆ ಏರಿಯ ಕೆಳಗೆ ಬಟ್ಟೆ ಒಗೆಯುವ ಕಟ್ಟೆ. ಅದರ ಮೇಲೆ ಚಾಮುಂಡಮ್ಮ ಜಮಖಾನ ಹರಡಿ ಸೋಪು ಹಚ್ಚಿದ್ದಳು.

"ಅಕ್ಕಾ, ಬಿರ್ರನೆ ಜಾಲಿಸ್ಕೋ. ಸಾಹೇಬ್ರು ಬತ್ತಾವ್ರೆ."

"ನಿಮ್ ಸಾಹೇಬ್ರಿಗೋಸ್ಕರ ನನ್ ಸೊಂಟ ಮುರ್ಕೊಳ್ಲಾ? ಅಷ್ಟು ಅರ್ಜೆಂಟಾದ್ರೆ ಆ ಕೊನೆ ಇಡ್ಕೊ."

ಚಲುವಯ್ಯ ಪ್ಯಾಂಟು ಮಡಚಿ ನೀರಿಗಿಳಿದು ಜಮಖಾನದ ಇನ್ನೊಂದು ಕೊನೆ ಹಿಡಿದು ಹಿಂಡಿದ. ಮಳೆ ಬರುವ ದಿನ ಜಮಖಾನ ಒಗೆಯುವುದೇಕೆ ಎಂದು ಕೇಳಲೂ ಅವನಿಗೆ ಪುರಸೊತ್ತಿರಲಿಲ್ಲ.

ಎರಡು ಗಂಟೆ. ಗಾಳಿಗೆ ರಸ್ತೆಯ ಧೂಳೆಲ್ಲ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಉಳಿದದ್ದು ಐದನೆಯದು, ಚಲುವಯ್ಯನ ಸ್ವಂತ ಮನೆಯ ಮುಂದಿನ ದೊಡ್ಡ ಮೋರಿಗೆ ಹಾಕಿದ್ದು. ಹೆಂಡತಿ ಪುಟ್ಟಲಕ್ಷ್ಮಿ ಅದರ ಮೇಲೆ ದಿನಾ ರಂಗೋಲಿ ಬಿಟ್ಟು, ಎರಡೂ ತುದಿಗೆ ಅರಿಸಿನ ಕುಂಕುಮ ಹಚ್ಚಿ ಅದನ್ನು ಹೊಸಿಲನ್ನೇ ಮಾಡಿಬಿಟ್ಟಿದ್ದಳು.

"ಇದನ್ನ ಕಿತ್ತರೆ ಒಳಕ್ಕೆ ಎಂಗೆ ಬತ್ತೀರಿ?" ಎಂದಳು ಪುಟ್ಟಲಕ್ಷ್ಮಿ.

"ಒಂದ್ ದಿನ ಕಣೇ. ನಾಳೆ ತಂದಾಕ್ತೀನಿ. ಇದೊಂದು ಕಮ್ಮಿ ಬಿದ್ರೆ ನಾನು ಆನೆ ಪಾಲು."

"ಊರ್ನೋರ್ಗೆಲ್ಲಾ ಕೊಡೋವಾಗ ಆನೆ ಗ್ಯಾನ ಇರ್ನಿಲ್ವಾ?"

ಚಲುವಯ್ಯ ಅವಳ ಮುಖ ನೋಡಲಾಗದೆ ಕಂಬದ ತುದಿಗೆ ತಾನೇ ಹೆಗಲು ಕೊಟ್ಟ.

ಮೂರಕ್ಕೆ ಐದು ನಿಮಿಷವಿರುವಾಗ ಐದನೇ ಕಂಬ ಆಫೀಸಿನ ಮುಂದೆ ಇಳಿಯಿತು. ಸರಿಯಾಗಿ ಮೂರಕ್ಕೆ ಜೀಪು ಬಂತು, ಹಿಂದೆ ಒಂದು ಲಾರಿ. ಯತೀಶ್ ಸಾಹೇಬರು ಬೆರಳು ತೋರಿಸಿ ಎಣಿಸಿದರು. ನಂಬಿಕೆ ಬರಲಿಲ್ಲವೇನೋ, ಆ ತುದಿಯಿಂದ ಮತ್ತೊಮ್ಮೆ ಎಣಿಸಿದರು. ಚಲುವಯ್ಯನೂ ಮನಸ್ಸಿನಲ್ಲೇ ಜೊತೆಗೆ ಎಣಿಸಿದ.

"ಬೆಳಿಗ್ಗೆಯಿಂದ ಎಂಟು ಊರು ನೋಡಿದೆ ಚಲುವಯ್ಯನವರೇ. ಒಬ್ಬನ ಹತ್ತಿರವೂ ಒಂದು ಕಂಬ ಇಲ್ಲ. ಭೇಷ್!" ಎಂದು ಅವರು ಕೈ ಕುಲುಕಿದರು. ಹೊಗೆಸೊಪ್ಪಿನ ಅಂಟಿಗೆ ಕೈ ಬಿಡಿಸಿಕೊಳ್ಳಲು ಇಬ್ಬರೂ ಸ್ವಲ್ಪ ಕಷ್ಟಪಡಬೇಕಾಯಿತು.

ಚಲುವಯ್ಯನ ಎದೆಯಲ್ಲಿ ಬೆಳಗಿನಿಂದ ಕೂತಿದ್ದ ಆನೆ ಎದ್ದುಹೋಯಿತು. ನಗುವೇ ಬಂದುಬಿಟ್ಟಿತು. "ಹಂಗಾರೆ ಆ ಎಂಟು ಜನಾನೂ ಅಂತರಸಂತೆಗಾ ಸಾರ್?"

"ಹಾಗೇ ಅಂದುಕೊಂಡಿದ್ದೆ. ಈಗ ಫೋನ್ ಬಂತು, ಅಂತರಸಂತೆ ಕಡೆ ಗಾಳಿಗೆ ಐದು ಕಂಬ ಉರುಳಿವೆಯಂತೆ. ಇಂಥ ಹೊತ್ತಲ್ಲಿ ಆ ಸೋಮಾರಿಗಳನ್ನ ಕಟ್ಟಿಕೊಂಡು ಏನು ಮಾಡಲಿ? ಅವರು ಇದ್ದಲ್ಲೇ ಬಿದ್ದಿರಲಿ. ಅಲ್ಲಿಗೆ ನಿಮ್ಮಂಥವರೇ ಬೇಕು," ಎಂದು ಸಾಹೇಬರು ಲಾರಿಯ ಕಡೆ ಕೈಬೀಸಿದರು. "ಕಂಬ ಹೇರಿಸಿ. ಜೊತೆಗೆ ನೀವೂ ಹೊರಡಿ. ವರ್ಗದ ಆರ್ಡರ್ ನಾಳೆ ಕಳಿಸ್ತೀನಿ."

ಬಟ್ಟೆಬರೆಗೆಂದು ಲಾರಿ ಮನೆಯ ಮುಂದೆ ನಿಂತಾಗ ಮಳೆ ಜೋರಾಗಿತ್ತು, ಮೋರಿ ತುಂಬಿ ಹರಿಯುತ್ತಿತ್ತು. ದಾಟುವ ಹಾಗಿರಲಿಲ್ಲ. ಪುಟ್ಟಲಕ್ಷ್ಮಿ ಆಚೆಯಿಂದಲೇ ಬ್ಯಾಗು ಎಸೆದಳು. ಅವಳ ಕಣ್ಣು ಒದ್ದೆಯಾಗಿತ್ತೋ, ಮಳೆಯೋ, ಅವನಿಗೆ ಗೊತ್ತಾಗಲಿಲ್ಲ.

ಟೀ ಅಂಗಡಿಯ ಮುಂದೆ ಏಳು ಜನರೂ ಕುಕ್ಕರುಗಾಲಲ್ಲಿ ಕೂತಿದ್ದರು. ಲಾರಿ ಕಂಡು ಎದ್ದು ನಿಂತರು. "ಕಂಬ ಜ್ವಾಪಾನ ಕಣ್ರೀ!" ಎಂದು ನಂಜಣ್ಣ ಕೂಗಿದ.

ಚಲುವಯ್ಯ ಲಾರಿಯ ಮೇಲೆ ಅರಿಸಿನ ಕುಂಕುಮದ ಕಂಬವನ್ನು ಹುಡುಕಿ ಅದರ ಮೇಲೆಯೇ ಕೂತ. ಆನೆ ಬಂದರೆ ಹತ್ತುವುದಕ್ಕೆ ಇದನ್ನೇ ಮೊದಲು ನೆಡಿಸಬೇಕು ಎಂದುಕೊಂಡ.