ಹೊಸ್ತಿಲ ಮೇಲೆ ಹದಿನಾರು ಸಾಲು

೧೯೭೪ನೇ ಇಸವಿ ಫೆಬ್ರುವರಿ ಹತ್ತರ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ನಾದಿನಿಗೆ ಹಚ್ಚೊಳ್ಳಿಯ ಸಂಬಂಧ ಗೊತ್ತಾಯಿತು. ಎಲ್ಲರಿಗೂ ಸಂತೋಷ. ಹುಡುಗಿ ಮಾತ್ರ ಅಳುತ್ತಿದ್ದಾಳೆ. ಒಡಪು ನಾನು ಕಟ್ಟಿಕೊಡುತ್ತೇನೆಂದು ಹೇಳಿದೆ."

ಅಳುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಹೊಸ ಸೊಸೆ ಗಂಡನ ಮನೆ ಹೊಗುವಾಗ ಆ ಮನೆಯ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಹೇಳುವ ತನಕ ಒಳಗೆ ಬಿಡುವುದಿಲ್ಲ. ನಮ್ಮ ನಾದಿನಿಯೋ ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ಸೇರುವವಳು.

"ಅತ್ತಿಗಿ, ಅಷ್ಟು ಮಂದಿ ಮುಂದ ನನ್ನ ಬಾಯಿಂದ ಒಂದು ಅಕ್ಷರ ಬರಂಗಿಲ್ಲ. ನನ್ನ ಗೆಳತಿ ಹಿಂಗ ಸುಮ್ಮನ ನಿಂತಿದ್ದಕ್ಕ ಅವರ ಮನ್ಯಾಗ ಇವತ್ತಿಗೂ ಮೂಗಿ ಅಂತಾರ. ನನ್ನೂ ಹಂಗ ಅಂತಾರ."

"ಯಾಕ ಅಂತಾರ ಲೇ? ನಾನು ಬಿ.ಎ. ಓದಿದ್ದು ಯಾತಕ್ಕ?" ಎಂದೆ.

ಬಳ್ಳಾರಿಯ ಗಾಂಧಿನಗರದ ನಮ್ಮ ಓಣಿಯಲ್ಲಿ ಆಗ ಪದವಿ ಪಡೆದ ಹೆಂಗಸು ನಾನೊಬ್ಬಳೇ. ಕಾಲೇಜಿನಲ್ಲಿ ಕನ್ನಡಕ್ಕೆ ಬಹುಮಾನವನ್ನೂ ತೆಗೆದುಕೊಂಡಿದ್ದೆ. ಪದ ಕಟ್ಟುತ್ತೇನೆಂದು ಒಬ್ಬರ ಮುಂದೆ ಬಾಯಿಬಿಟ್ಟರೆ ಸಾಕು, ಮುಂದೆ ಹೇಳುವಂಥ ಫಜೀತಿಗಳು ಒಂದರ ಹಿಂದೊಂದು ನಡೆಯುತ್ತಲೇ ಹೋಗುತ್ತವೆ.

ಗೋಡೆಯ ಕ್ಯಾಲೆಂಡರು

ಸುದ್ದಿ ಕೇಳಿ ಮೊದಲು ಬಂದವರು ಎದುರುಮನೆಯವರು. "ಅಕ್ಕಾರ, ನಂಗೂ ಒಂದು ಒಡಪು ಕಟ್ಟಿಕೊಡ್ರಿ. ತಂಗಿ ಸೀಮಂತದಾಗ ಹೇಳಬೇಕು."

ಯಜಮಾನರ ಹೆಸರೇನು ಎಂದು ಕೇಳಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡರು. "ಒಡಪಿಲ್ಲದ ಅವರ ಹೆಸರು ಹೆಂಗ ಹೇಳ್ಲಿ?"

"ಹೆಸರಿಲ್ಲದ ನಾನು ಒಡಪು ಹೆಂಗ ಕಟ್ಟಲ್ರಿ?"

ಇಬ್ಬರೂ ಚಹಾ ಕುಡಿದು ಯೋಚಿಸಿದೆವು. ಕೊನೆಗೆ ಅವರು ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದರು. ಅದರಲ್ಲಿ ಪರಮೇಶ್ವರನ ಇಡೀ ಸಂಸಾರ ಕೈಲಾಸದಲ್ಲಿ ಕುಳಿತಿತ್ತು. ಗೊತ್ತಾಯಿತು ಬಿಡಿ ಎಂದು ಶಂಕರಪ್ಪನವರ ಮೇಲೆ ಸೊಗಸಾದ ಒಡಪು ಕಟ್ಟಿ, ರಾಗವಾಗಿ ಓದಿದೆ. ಅವರು ಹೌಹಾರಿ ಎದ್ದು ನಿಂತರು.

"ಅಯ್ಯ ಶಿವನ! ಶಂಕ್ರಪ್ಪ ನಮ್ಮ ಮನಿಗೆ ಹಾಲು ಹಾಕಾಂವ್ರಿ! ನಮ್ಮವರು ಕೆಳಗ ಇಲಿ ಹತ್ರ ಕುಂತಾರ ನೋಡ್ರಿ, ಅವರು!"

ಕುರುಗೋಡಿನ ತೊಟ್ಟಿಲು

ನನ್ನ ತವರು ಕುರುಗೋಡು. ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋದರೆ, ಬೆಳಗಿನಿಂದ ಓಣಿಯ ಹೆಂಗಸರು ಒಬ್ಬೊಬ್ಬರೇ ಹಿತ್ತಲ ಬಾಗಿಲಿಂದ ಬಂದು ಕಿವಿಯಲ್ಲಿ ಕೇಳತೊಡಗಿದರು. "ನನಗ ಬರಕೊಟ್ಟಿದ್ದು ಯಾರಿಗೂ ಹೇಳಬ್ಯಾಡ್ರಿ." ಇಷ್ಟು ಮಂದಿಗೆ ಬೇರೆ ಬೇರೆ ಕಟ್ಟುತ್ತ ಕುಳಿತರೆ ಹೋಳಿಗೆ ಯಾರು ಲಟ್ಟಿಸಬೇಕು? ಮೊದಲು ಬಂದವಳ ಗಂಡನ ಹೆಸರಿಟ್ಟು ಒಂದೇ ಒಡಪು ಕಟ್ಟಿದೆ:

ಕುರುಗೋಡು ಬೆಟ್ಟದ ಮ್ಯಾಲ ಬೆಳದಿಂಗಳ ಬೆಳಕು,
ಪಂಪಾಪತಿಯವರು ನಕ್ಕರ ಮನಿಯೆಲ್ಲ ಥಳಕು.

ಬಂದವರಿಗೆಲ್ಲ ಪಂಪಾಪತಿಯ ಜಾಗದಲ್ಲಿ ಅವರವರ ಗಂಡನ ಹೆಸರು ಕೂರಿಸಿ ಕಳಿಸಿದೆ. ಅವರೆಲ್ಲ ಅದನ್ನು ನಮ್ಮ ತೊಟ್ಟಿಲ ಮುಂದೆಯೇ ಹೇಳುತ್ತಾರೆಂದು ನನಗೇನು ಗೊತ್ತು? ಸಂಜೆ ಮೊದಲನೆಯವಳು ಹೇಳಿದಳು, ಚಪ್ಪಾಳೆ. ಎರಡನೆಯವಳು ಹೇಳಿದಳು, ಒಂದಿಬ್ಬರು ನಕ್ಕರು. ಮೂರನೆಯವಳು ಬಾಯಿ ತೆರೆದಾಗ ನಾನು ಒಲೆಯ ಕಡೆ ತಿರುಗಿ ಕುಳಿತೆ. ಬೆಟ್ಟದ ಮೇಲೆ ಮತ್ತೆ ಮತ್ತೆ ಬೆಳದಿಂಗಳು ಬಿದ್ದದ್ದು ನೋಡಿ ನಮ್ಮಜ್ಜಿ ತಡೆಯಲಾರದೆ ಕೇಳಿದಳು:

"ಏನಬೇ, ಈ ಓಣ್ಯಾಗ ನಗೋ ಗಂಡ ಒಬ್ಬನ ಅದಾನೇನು? ಪಾಳಿ ಹಚ್ಚೀರೇನು?"

ಹಾರ್ಮೋನಿಯಂ ಮಾಸ್ತರು

ಇಷ್ಟಾದ ಮೇಲೆ ನಾದಿನಿಗೆ ಎರಡು ಸಾಲಿನ ಒಡಪು ಸಾಲದು, ಯಾರೂ ನಕಲು ಮಾಡಲಾಗದಂಥದ್ದು ಬೇಕು ಎನಿಸಿತು. ಹಚ್ಚೊಳ್ಳಿಯ ಕಾಲುವೆ, ಭತ್ತದ ಗದ್ದೆ, ಬೀಗರ ಟ್ರ್ಯಾಕ್ಟರು ಎಲ್ಲವನ್ನೂ ಹೊಗಳಿ ಹದಿನಾರು ಸಾಲು ಬರೆದೆ. ಮದುಮಗನ ಹೆಸರು ಕಟ್ಟಕಡೆಯ ಸಾಲಿನಲ್ಲಿ. ಹುಡುಗಿಗೆ ನೆನಪೇ ನಿಲ್ಲಲೊಲ್ಲದು. ಧಾಟಿಗೆ ಹಚ್ಚಿದರೆ ನಿಂತೀತೆಂದು ನಮ್ಮವರು ಕೊಳಗಲ್ಲಿನಿಂದ ಹಾರ್ಮೋನಿಯಂ ಮಾಸ್ತರನ್ನು ಕರೆತಂದರು.

ಮಾಸ್ತರು ಜೀವಮಾನವೆಲ್ಲ ಬಯಲಾಟಕ್ಕೆ ನುಡಿಸಿದವರು. ಅವರ ಕೈಗೆ ಕೂತಿದ್ದ ಧಾಟಿ ರಾಕ್ಷಸ ರಂಗಕ್ಕೆ ಬರುವ ಧಾಟಿ. ಅದಕ್ಕೆ ಒಂದೊಂದು ಸಾಲನ್ನೂ ಎರಡೆರಡು ಸಲ ಹಾಡಬೇಕು, ಕೊನೆಗೆ ಬಲಗಾಲು ನೆಲಕ್ಕೆ ಅಪ್ಪಳಿಸಬೇಕು. ಆಶ್ಚರ್ಯವೆಂದರೆ ಹುಡುಗಿಗೆ ಹದಿನಾರೂ ಸಾಲು ಬಾಯಿಗೆ ಬಂದವು. ಆದರೆ ಪಕ್ಕದ ಮನೆಯ ಕೂಸು ಬೆಚ್ಚಿ ಎದ್ದು ಕಿರುಚತೊಡಗಿತು. ತಾಯಿ ಜಗಳಕ್ಕೆ ಬಂದರೆ ಮಾಸ್ತರು ಕಣ್ಣುಮುಚ್ಚಿಕೊಂಡು ತಲೆದೂಗಿದರು.

"ಬೈಬ್ಯಾಡ್ರಿ ತಾಯಿ. ನಿಮ್ಮ ಕೂಸಿಗೆ ತಾಳಜ್ಞಾನ ಐತಿ. ಪೆಟ್ಟು ಬಿದ್ದಲ್ಲೇ ಅಳಾಕತ್ತೈತಿ."

ಹಚ್ಚೊಳ್ಳಿಯ ಹೊಸ್ತಿಲು

ಮದುವೆ ವೈಶಾಖದಲ್ಲಿ, ಬಳ್ಳಾರಿಯ ನಮ್ಮ ಮನೆ ಮುಂದೆ. ಮರುದಿನ ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಬೀಗರ ಟ್ರ್ಯಾಕ್ಟರು. ನಡುಮಧ್ಯಾಹ್ನ ಹಚ್ಚೊಳ್ಳಿ ಮುಟ್ಟಿದೆವು. ಬಾಗಿಲ ಮುಂದೆ ಹಾಸುಬಂಡೆ ಕಾದ ಹಂಚಾಗಿತ್ತು. ಮದುಮಕ್ಕಳು ಬರಿಗಾಲಲ್ಲಿ ನಿಂತರು. ಹೆಣ್ಣುಮಕ್ಕಳು ಆರತಿ ಹಿಡಿದು ಅಡ್ಡಬಂದರು.

"ಹೆಸರು ಹೇಳವಾ! ಹೇಳದಿದ್ದರ ತಿರುಗಿ ಟ್ರ್ಯಾಕ್ಟರ್ ಹತ್ತು!"

ನಾದಿನಿ ನೆಲ ನೋಡಿದಳು. ಯಾರೋ ಕಿಸಕ್ಕೆಂದರು. "ಮೂಗಿ ಏನಬೇ?" ಎಂದಿತು ಒಂದು ದನಿ. ನಾನು ಏನೂ ತೋಚದೆ, ಮಾಸ್ತರರ ಹಾಗೆ ಬಲಗಾಲನ್ನು ಒಮ್ಮೆ ನೆಲಕ್ಕೆ ಅಪ್ಪಳಿಸಿದೆ.

ಅಷ್ಟೇ ಸಾಕಾಯಿತು. ಹುಡುಗಿ ತಲೆ ಎತ್ತಿ ಕೂಗಿದಳು:

"ಕಾಲುವಿ ನೀರು ಕುಲುಕುಲು ನಗತೈತಿ...!"

ಮುಂದೆ ನಿಂತಿದ್ದ ಹೆಣ್ಣುಮಕ್ಕಳು ಹಿಂದಕ್ಕೆ ಸರಿದರು. ಕಾಲುವೆ ಎರಡು ಸಲ ನಕ್ಕಿತು. ಗದ್ದೆ ಎರಡು ಸಲ ತೂಗಿತು. ಹಾಡುವವಳಿಗೆ ಬಂಡೆಯ ಬಿಸಿ ಗೊತ್ತೇ ಆಗಲಿಲ್ಲ; ಮದುಮಗ ಒಂದು ಕಾಲು ಎತ್ತಿದ, ಇಳಿಸಿದ, ಇನ್ನೊಂದು ಎತ್ತಿದ. ಸೆರಗಿಗೆ ಗಂಟು ಹಾಕಿದ್ದರಿಂದ ನೆರಳಿಗೆ ಓಡುವಂತಿರಲಿಲ್ಲ. ಅವನು ತಾಳಕ್ಕೆ ಕುಣಿಯುತ್ತಿದ್ದಾನೆಂದು ತಿಳಿದು ಜನ ಶಿಳ್ಳೆ ಹೊಡೆದರು. ಟ್ರ್ಯಾಕ್ಟರಿನ ವರ್ಣನೆ ಮುಗಿಯುವಷ್ಟರಲ್ಲಿ ಆರತಿ ಆರಿತು. ಒಳಗಿನಿಂದ ಏನೋ ಸೀದ ವಾಸನೆ ಬಂತು. ಸೌಟು ಹಿಡಿದುಕೊಂಡೇ ಅತ್ತೆ ಹೊರಗೆ ಓಡಿಬಂದರು.

"ಸಾಕು ಬಾರವಾ ನನ್ನವ್ವ! ಅವನ ಹೆಸರು ಇಟ್ಟಾಕಿ ನಾನ, ನನಗ ಗೊತ್ತೈತಿ! ಒಳಗ ಬಾ!"

ಹುಟ್ಟಿದಾಗಿನಿಂದ ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯದ ನಮ್ಮ ಹುಡುಗಿ ಕೈ ಅಡ್ಡ ಹಿಡಿದಳು.

"ಇರ್ರಿ ಅತ್ತಿ, ಇನ್ನೂ ನಾಕು ಸಾಲು ಅದಾವು."

ನಾಲ್ಕನ್ನೂ ಎರಡೆರಡು ಸಲ ಹಾಡಿ, ಬಸವರಾಜರ ಹೆಸರನ್ನು ಕಾಲುವೆಯ ಆಚೆ ದಂಡೆಗೆ ಕೇಳುವಂತೆ ಹೇಳಿ, ಬಲಗಾಲಲ್ಲಿ ಹೊಸ್ತಿಲ ಮೇಲಿನ ಅಕ್ಕಿ ಸೇರು ಒದ್ದಳು. ಅಕ್ಕಿ ದೇವರ ಮನೆವರೆಗೂ ಹಾರಿತು. ಅವಳನ್ನು ಮೂಗಿ ಎನ್ನುವ ಧೈರ್ಯ ಆ ಊರಿನಲ್ಲಿ ಮುಂದೆ ಯಾರೂ ಮಾಡಲಿಲ್ಲ.

ಈ ಒಡಪಿಗೆ ಕೊನೆಗೆ ತಗುಲಿದ ಖರ್ಚನ್ನು ಅಂದೇ ಬರೆದಿಟ್ಟಿದ್ದೇನೆ. ಬೀಗರ ಮನೆಯ ಒಂದು ಕೊಪ್ಪರಿಗೆ ಶಾವಿಗೆ ಪಾಯಸ ತಳ ಹತ್ತಿತು. ಮದುಮಗನ ಎರಡೂ ಅಂಗಾಲಿಗೆ ಬೊಬ್ಬೆ ಎದ್ದವು. ಮೆತ್ತನೆಯ ಚಪ್ಪಲಿ ಎಂದು ನಮ್ಮವರ ಹೊಸ ಹವಾಯಿ ಚಪ್ಪಲಿ ಅವನಿಗೆ ಹೋಯಿತು. ನಮ್ಮವರು ಬಳ್ಳಾರಿಗೆ ಬರಿಗಾಲಲ್ಲಿ ಬಂದರು.